ಕಾರಣದ ಜಾಗದಲ್ಲಿ ಒಂದು ಚುಕ್ಕಿ

ಆ ಚುಕ್ಕಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಾರವಾರದ ಹೊರಗೆ ಫೈಬರ್ ದೋಣಿ ಕಟ್ಟುವ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ನಾನು ಅಂಕೋಲೆಯ ದಂಡೆಯವಳು. ಅಪ್ಪ ಕಡಲಿಗೆ ಹೋಗುತ್ತಿದ್ದ, ಅವ್ವ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ನಮ್ಮ ಕೇರಿಯಲ್ಲೇ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಕಾಲೇಜಿನ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿ ಆಚೆ ಸರಿಯುತ್ತಿದ್ದ ಮೂರು ವರ್ಷಗಳನ್ನು ದಾಟಿ ಪಡೆದ ಡಿಗ್ರಿ ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಒಂದು ದೋಣಿಗೆ ಎಷ್ಟು ರೆಸಿನ್ ಅಂಟು ಬೇಕು, ಎಷ್ಟು ಮರ, ಎಷ್ಟು ಬೋಲ್ಟು, ಯಾವ ಬೋಲ್ಟು ಎಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ಬಿಓಎಂ ಎನ್ನುತ್ತಿದ್ದೆವು. ಅದರಲ್ಲಿ ಒಂದು ಸಾಲು ಬದಲಾದರೆ ಖರೀದಿ ಬದಲಾಗುತ್ತಿತ್ತು, ಸ್ಟೋರ್ಸಿನಿಂದ ಹೊರಬರುವ ಮಾಲೂ ಬದಲಾಗುತ್ತಿತ್ತು. ಹಳೆಯದೇನು, ಹೊಸದೇನು, ಯಾರು ಬದಲಿಸಿದರು, ಯಾವ ಹೊತ್ತಿಗೆ ಎಂಬುದನ್ನು ಸಾಫ್ಟ್‌ವೇರ್ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಅಳಿಸಲು ಬರುತ್ತಿರಲಿಲ್ಲ. ಬದಲಿಸಿದವರೇ ಅದಕ್ಕೆ ಒಪ್ಪಿಗೆ ಕೊಡುವಂತೆಯೂ ಇರಲಿಲ್ಲ. ಬದಲಿಸುವುದು ನಾನು, ಒಪ್ಪಿಗೆ ಮ್ಯಾನೇಜರರದು. ಪ್ರತಿ ಶನಿವಾರ ಆ ವಾರದ ಬದಲಾವಣೆಗಳನ್ನೆಲ್ಲ ಮುದ್ರಿಸಿ ಗೋವೆಯಲ್ಲಿದ್ದ ಮಾಲೀಕರಿಗೆ ಫ್ಯಾಕ್ಸ್ ಮಾಡುವುದೂ ನನ್ನ ಪಾಲಿನದೇ.

ಕೊನೆಯಲ್ಲಿ ‘ಬದಲಾವಣೆಗೆ ಕಾರಣ’ ಎಂಬ ಖಾನೆಯಿತ್ತು. ಖಾಲಿ ಬಿಟ್ಟರೆ ಸೇವ್ ಆಗದು. ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರೆಲ್ಲ ಅಲ್ಲಿ ಒಂದು ಚುಕ್ಕಿ ಒತ್ತಿ ಮುಂದೆ ಹೋಗಿದ್ದರು. ನಾನು ಮಾತ್ರ ಪೂರ್ತಿ ವಾಕ್ಯ ಬರೆಯುತ್ತಿದ್ದೆ.

“ತಂಗಿ ಕಾರಣ ಬರೀತದ್ಯೋ, ಮನೆಗೆ ಕಾಗದ ಬರೀತದ್ಯೋ?” ಎಂದು ಸ್ಟೋರ್ಸಿನ ಅಣ್ಣ ನಗುತ್ತಿದ್ದ. ಪಕ್ಕದ ಕಿನ್ನರ ಊರಿನವನು, ನನ್ನ ಅಪ್ಪನ ವಯಸ್ಸಿನ ಹತ್ತಿರದವನು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ.

ಒಂದು ತಪ್ಪು ನನ್ನದೂ ಇತ್ತು. ಊಟಕ್ಕೆ ಏಳುವಾಗ ಲಾಗ್ ಔಟ್ ಮಾಡುತ್ತಿರಲಿಲ್ಲ. ಮತ್ತೆ ಒಳಹೋಗಲು ಆ ಹಳೇ ಕಂಪ್ಯೂಟರ್ ಹತ್ತು ನಿಮಿಷ ತಿನ್ನುತ್ತಿತ್ತು ಎನ್ನುವುದು ಒಂದು. ಇನ್ನೊಂದು, ನಮ್ಮ ದಂಡೆಯಲ್ಲಿ ದೋಣಿಯನ್ನು ಮರಳಿಗೆ ಎಳೆದಿಟ್ಟು, ಬಲೆ, ಹುಟ್ಟು ಎಲ್ಲ ಅದರಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಇನ್ನೊಬ್ಬರ ದೋಣಿಗೆ ಯಾರೂ ಕೈ ಹಾಕುವುದಿಲ್ಲ. ನಾನು ಪರದೆಯನ್ನೂ ಹಾಗೇ ತೆರೆದಿಟ್ಟು ಹೋಗುತ್ತಿದ್ದೆ.

ಆ ವರ್ಷ ನೂಲ ಹುಣ್ಣಿಮೆಯೊಳಗೆ ಐದು ದೋಣಿ ಕೊಡಬೇಕಿತ್ತು. ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುವ ದಿನ ಅದು. ಎರಡಕ್ಕೆ ಆಗಲೇ ಎಂಜಿನ್ ಕೂರಿಸಿಯಾಗಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅಣ್ಣ ಒಂದು ಬೋಲ್ಟ್ ಮತ್ತು ಅಯಸ್ಕಾಂತ ಹಿಡಿದು ಬಂದ. ಬೋಲ್ಟ್ ಟಪ್ಪೆಂದು ಅಂಟಿಕೊಂಡಿತು. ನಾವು ಎಂಜಿನ್ನಿಗೆ ಹಾಕುವ ಸ್ಟೇನ್‌ಲೆಸ್ ಬೋಲ್ಟಿಗೆ ಅಯಸ್ಕಾಂತ ಹಾಗೆ ಅಂಟುವುದಿಲ್ಲ. ಇದು ಸತು ಬಳಿದ ಬರೀ ಕಬ್ಬಿಣ.

“ಎಂತ ತಂಗೀ, ಎಂಜಿನ್ ಬುಡಕ್ಕೆ ಇದನ್ನ ಬರ್ದಿದ್ಯಲ್ಲೆ?”

“ನಾನು ಬರೆದಿಲ್ಲ ಅಣ್ಣ.”

“ನಿನ್ನ ಹೆಸ್ರೇ ಅದೆ.”

ತೆರೆದು ನೋಡಿದೆ. ಹಳೆಯದು ಸ್ಟೇನ್‌ಲೆಸ್, ಹೊಸದು ಸತು ಬಳಿದದ್ದು. ಬದಲಿಸಿದವಳು ನಾನು. ಒಪ್ಪಿದವರು ಮ್ಯಾನೇಜರ್. ಹಿಂದಿನ ವಾರದ ಬುಧವಾರ, ಮಧ್ಯಾಹ್ನ ಒಂದು ಇಪ್ಪತ್ತು. ಕಾರಣ: ಒಂದು ಚುಕ್ಕಿ. ಆ ಶನಿವಾರದ ಫ್ಯಾಕ್ಸಿನಲ್ಲಿ ಅದು ಹೋಗಿದೆ, ಕಳಿಸಿದವಳೂ ನಾನೇ, ಓದದೆ. ನನ್ನ ಹೆಸರಿನ ಸಾಲುಗಳನ್ನು ನಾನೇ ಯಾಕೆ ಓದಲಿ?

ಉಪ್ಪು ನೀರಲ್ಲಿ ಅಂಥ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಎಂದು ದಂಡೆಯವಳಿಗೆ ಯಾರೂ ಹೇಳಬೇಕಿಲ್ಲ. ನಡುಗಡಲಲ್ಲಿ ಎಂಜಿನ್ ಸಡಿಲವಾದರೆ ದೋಣಿಯಲ್ಲಿರುವುದು ನಮ್ಮವರು. ಮತ್ತು ಕಾಗದದಲ್ಲಿ ನನ್ನ ಹೆಸರು.

ಕೋಣೆಗೆ ಹೋಗಿ ಕೇಳಿದರೆ ಮ್ಯಾನೇಜರ್ ಫೈಲಿನಿಂದ ತಲೆ ಎತ್ತಲಿಲ್ಲ. “ಸ್ಟೇನ್‌ಲೆಸ್ ಬರೋದು ತಡ. ನಾನೇ ಬದಲಿಸಿದೆ. ನಿನ್ನ ಕಂಪ್ಯೂಟರ್ ತೆರೆದಿತ್ತು.”

“ನಿಮ್ಮ ಹೆಸರಲ್ಲಿ ಬದಲಿಸಬೇಕಿತ್ತು ಸಾರ್.”

“ನನ್ನ ಹೆಸರಲ್ಲಿ ಬದಲಿಸಿದರೆ ಒಪ್ಪಿಗೆ ಯಾರು ಕೊಡೋದು? ಯಾರಾದರೂ ಕೇಳಿದರೆ ಟೈಪ್ ಮಾಡುವಾಗ ತಪ್ಪಾಯಿತು ಅಂತ ಬರೆದುಕೊಡು, ಮುಗೀತು.”

ಕೊಡುವುದಿಲ್ಲ ಎಂದೆ. ಆಗ ತಲೆ ಎತ್ತಿದರು. “ಮೀನು ಬುಟ್ಟಿಯ ಮನೆಯಿಂದ ಕುರ್ಚಿಗೆ ಬಂದಿದ್ದೀಯ. ಕುರ್ಚಿ ನೋಡ್ಕೋ.”

ಅವ್ವನ ತಲೆ ಮೇಲಿನ ಆ ಬುಟ್ಟಿಯೇ ನನ್ನ ಫೀ ಕಟ್ಟಿದ್ದು. ನನ್ನ ಕುರ್ಚಿಗೆ ಬಂದು ಕೂತೆ. ಆಮೇಲೆ ಆ ಸಾಲನ್ನು ಮತ್ತೆ ಸ್ಟೇನ್‌ಲೆಸ್‌ಗೆ ಬದಲಿಸಿದೆ. ಒಪ್ಪಿಗೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಆದರೆ ಒಪ್ಪಿಗೆ ಸಿಗದ ಸಾಲೂ ಶನಿವಾರದ ಪಟ್ಟಿಯಲ್ಲಿ ಬರುತ್ತದೆ, ಕಾರಣದ ಸಮೇತ. ಕಾರಣದ ಖಾನೆಯಲ್ಲಿ ಬರೆದೆ: ಹಿಂದಿನ ಬದಲಾವಣೆ ನಾನು ಮಾಡಿದ್ದಲ್ಲ, ಆ ಹೊತ್ತಿಗೆ ನಾನು ಊಟದಲ್ಲಿದ್ದೆ, ಎಂಜಿನ್ ಬುಡದ ಈ ಬೋಲ್ಟ್ ಸಮುದ್ರಕ್ಕೆ ಆಗುವುದಿಲ್ಲ, ಎರಡು ದೋಣಿಯಿಂದ ಬಿಚ್ಚಿ ತೆಗೆಯಬೇಕು.

ಹಿಂದೆ ನಿಂತು ಅಣ್ಣ ಅಕ್ಷರ ಕೂಡಿಸಿ ಓದುತ್ತಿದ್ದ. “ನನ್ನ ಹೆಸ್ರೂ ಹಾಕು, ನಿನ್ನ ಸಂಗ್ತಿಗೆ ಊಟಕ್ಕೆ ಕೂತಿದ್ದೆ ಅಂತ. ಒಣ ಬಂಗಡೆ ತಿಂದದ್ದು ಮಾತ್ರ ಬರೀಬೇಡ ಮಾರಾಯ್ತಿ. ಶ್ರಾವಣ. ನಮ್ಮನೆಯವ್ಳಿಗೆ ಗೊತ್ತಾದ್ರೆ ಅನ್ನ ಹಾಕೂದಿಲ್ಲ.”

ಹಾಕಿದೆ. ಶನಿವಾರ ಎಂದಿನಂತೆ ಪಟ್ಟಿ ಫ್ಯಾಕ್ಸ್ ಮಾಡಿದೆ.

ಸೋಮವಾರ ಮಾಲೀಕರ ಫೋನ್ ಬಂತು, ನನಗಲ್ಲ, ಮ್ಯಾನೇಜರಿಗೆ. ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಹೊರಗೆ ಬಂದು ಫಿಟ್ಟರ್‌ಗಳಿಗೆ ಎರಡೂ ದೋಣಿಯ ಬೋಲ್ಟ್ ಬಿಚ್ಚಲು ಹೇಳಿದರು. ಐದರಲ್ಲಿ ಮೂರು ದೋಣಿ ಹುಣ್ಣಿಮೆ ಕಳೆದ ಮೇಲೆ ನೀರಿಗಿಳಿದವು, ಆದರೆ ಸರಿಯಾದ ಬೋಲ್ಟ್ ಹೊತ್ತು ಇಳಿದವು.

ಮ್ಯಾನೇಜರ್ ಮ್ಯಾನೇಜರರಾಗಿಯೇ ಉಳಿದರು. ತಪ್ಪು ನಿನ್ನದಲ್ಲ ಎಂದು ನನಗೆ ಯಾರೂ ಹೇಳಲಿಲ್ಲ. ಮಾಲೀಕರಿಂದ ನನಗೆ ಬಂದದ್ದು ಒಂದೇ ಮಾತು, ಅದೂ ಮ್ಯಾನೇಜರರ ಬಾಯಲ್ಲಿ: ಕಾರಣವನ್ನು ಚಿಕ್ಕದಾಗಿ ಬರೆಯಬೇಕಂತೆ.

ನಾನು ಚಿಕ್ಕದಾಗಿ ಬರೆಯಲಿಲ್ಲ. ಆದರೆ ಅವತ್ತಿನಿಂದ ನೀರು ಕುಡಿಯಲು ಎದ್ದರೂ ಲಾಗ್ ಔಟ್ ಮಾಡಿ ಏಳುತ್ತಿದ್ದೆ. ನನ್ನ ಅಪ್ಪ ದೋಣಿಗೆ ಎಂದೂ ಹಾಕದ ಬೀಗವನ್ನು ನನ್ನಿಂದ ಹಾಕಿಸಿದರು, ಆ ಸಿಟ್ಟು ಇಳಿದಿಲ್ಲ. ಮರಳಿ ಬಂದು ಹತ್ತು ನಿಮಿಷ ಕಾಯಬೇಕು. “ಇನ್ನೂ ಆಗಿಲ್ವಾ?” ಎಂದು ಮ್ಯಾನೇಜರ್ ಒಳಗಿಂದ ಕೂಗುತ್ತಿದ್ದರು.

“ಲಾಗಿನ್ ಆಗ್ತಾ ಇದೆ ಸಾರ್” ಎನ್ನುತ್ತಿದ್ದೆ, ಕೈ ಕಟ್ಟಿಕೊಂಡು.