ಮೊದಲು ಮೈನಸ್, ಕೊನೆಗೂ ಮೈನಸ್

ಪಿಕಪ್ ಗಾಡಿಯ ಬ್ಯಾಟರಿ ಬಿಚ್ಚುವಾಗ ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು, ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು ಎಂಬ ಸಂಗತಿ ನಿಮಗೆ ಗೊತ್ತಿದ್ದರೆ ಸಂತೋಷ. ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ತಲೆ ನರೆಯುವವರೆಗೆ ನನಗೂ ಗೊತ್ತಿರಲಿಲ್ಲ. ನಿಪ್ಪಾಣಿಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ ಪುಸ್ತಕಗಳನ್ನು ಜೋಡಿಸಿಟ್ಟುಕೊಂಡು ಕೂತಿರುವ ನನ್ನಂಥ ಅಂಗಡಿಕಾರನಿಗೂ ವಿದ್ಯುತ್ತಿಗೂ ಇರುವ ಸಂಬಂಧ ಬಿಲ್ಲು ಕಟ್ಟುವಷ್ಟರದು. ಸ್ಕೂಟರು ಕೆಟ್ಟು ನಿಂತರೆ ಅದನ್ನು ಒಮ್ಮೆ ಗಂಭೀರವಾಗಿ ದಿಟ್ಟಿಸಿ, ರೋಗ ತಿಳಿದ ವೈದ್ಯನಂತೆ ತಲೆಯಾಡಿಸಿ, ಆಮೇಲೆ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗುವುದೇ ನನ್ನ ಯಂತ್ರಜ್ಞಾನದ ಪರಾಕಾಷ್ಠೆ.

ಈ ನಿಯಮ ಕಲಿಸಿದವನು ನನ್ನಣ್ಣ. ಅಥಣಿ ತಾಲೂಕಿನ ಅನಂತಪುರದಲ್ಲಿ ಅವನದು ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಎಮ್ಮೆಗಳು. ಮಕ್ಕಳಿಲ್ಲದ ಆ ಮನೆಯಲ್ಲಿ ಅವನು, ನಾನು ವೈನಿ ಎಂದು ಕರೆಯುವ ಅತ್ತಿಗೆ, ಮತ್ತು ಅಂಗಳದಲ್ಲಿ ಮನೆಮಗನ ಠೀವಿಯಿಂದ ನಿಂತಿರುತ್ತಿದ್ದ ಬಿಳಿ ಪಿಕಪ್. ನಾನು ಊರಿಗೆ ಹೋದಾಗಲೆಲ್ಲ ಮೊದಲು ಕಾಣಿಸುತ್ತಿದ್ದದ್ದು ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತ ಅವನ ಬೆನ್ನು. ಒಮ್ಮೆ ಆ ಬೆನ್ನೇ ನನಗೆ ಪಾಠ ಹೇಳಿತು. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಕೂಡಿಕೊಂಡಿರುತ್ತದೆ. ಅದನ್ನು ಬಿಡಿಸದೆ ಪ್ಲಸ್ಸಿನ ನಟ್ಟಿಗೆ ಪಾನಾ ಹಾಕಿ ತಿರುವುವಾಗ ಆ ಪಾನಾದ ಇನ್ನೊಂದು ತುದಿ ಎಲ್ಲಾದರೂ ಮೈಗೆ ತಾಗಿತೋ, ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಏಳುವ ಗಾಳಿಗೆ ಬೆಂಕಿ ತಗುಲಿದರೆ ಮುಖ ಉಳಿಯುವುದಿಲ್ಲ. ಚಾವಿ ಆರಿಸಿ ತೆಗೆದಿರಬೇಕು, ಕೈಯಲ್ಲಿ ಉಂಗುರ ಕಡಗ ಇರಕೂಡದು. ಇಷ್ಟನ್ನು ಹೇಳಿ, ನನ್ನ ಮುಖದ ಮೇಲಿನ ಶೂನ್ಯವನ್ನು ಗಮನಿಸಿ, “ಮೈನಸ್ ಅಂದ್ರ ಅಳಿಯಾ ಇದ್ದಂಗ ತಿಳಕೊ. ಎಲ್ಲಾರೂ ಬಂದ ಮ್ಯಾಲ ಬರ್ತಾನ, ಎಲ್ಲಾರಕಿಂತ ಮೊದಲ ಎದ್ದ ಹೋಗ್ತಾನ. ಥೇಟ ನಿನ್ನಂಗ” ಎಂದ. ಹಬ್ಬಕ್ಕೆ ಕಡೆಯ ಬಸ್ಸಿಗೆ ಬಂದು ಮೊದಲ ಬಸ್ಸಿಗೆ ಹೊರಡುವ ನನ್ನ ಚಾಳಿಯ ಮೇಲೆ ಅವನಿಗೆ ಮೊದಲಿನಿಂದಲೂ ಸಿಟ್ಟು.

ಆ ಮೈನಸ್ ತಂತಿಗೆ ನಮ್ಮ ಕಡೆ ಅರ್ಥಿಂಗ್ ಎನ್ನುತ್ತಾರೆ. ಶಬ್ದ ಸಿಕ್ಕರೆ ಬಿಡದ ನಾನು, ಅರ್ಥವನ್ನು ಮೊದಲು ಕಳಚಿಟ್ಟು ಕೊನೆಯಲ್ಲಿ ಕೂಡಿಸುವ ಕೆಲಸವನ್ನು ಪಂಡಿತರ ಗ್ರಂಥಗಳು ಮಾತ್ರ ಮಾಡುತ್ತವೆ ಎಂದುಕೊಂಡಿದ್ದೆನಲ್ಲ ಎಂದೆ. “ನಿನ್ನ ಗ್ರಂಥ ಸುಡ್ಲಿ, ಪಾನಾ ಕೊಡ ಇಲ್ಲೆ” ಎಂದು ಕೈ ಚಾಚಿದ.

ಗಡಿಸೀಮೆಯಲ್ಲಿ ಬಾಳುವವನಿಗೆ ಶ್ಲೇಷೆಯ ಬರವಿಲ್ಲ. ಕನ್ನಡದಲ್ಲಿ ‘ಗಾಡಿ ಬಂದೈತಿ’ ಎಂದರೆ ಗಾಡಿ ಬಂದಿದೆ. ಅದೇ ಮಾತಿನೊಳಗೆ ಮರಾಠಿ ಹಿಂದಿಗಳ ‘ಬಂದ್’ ನುಸುಳಿ ‘ಗಾಡಿ ಬಂದ್ ಐತಿ’ ಆದರೆ ಗಾಡಿ ನಿಂತುಹೋಗಿದೆ. ಬರೆಯುವಾಗ ಎರಡರ ನಡುವೆ ಕಡ್ಡಿ ತೂರುವಷ್ಟಾದರೂ ಜಾಗವಿರುತ್ತದೆ, ಆಡುವಾಗ ಅದೂ ಇಲ್ಲ. ಇದನ್ನು ಹೇಳಿ ಅಂಗಡಿಗೆ ಬಂದವರನ್ನು ಎಷ್ಟೋ ಸಲ ನಗಿಸಿದ್ದೇನೆ. ಈಗ ಹೇಳುವುದಿಲ್ಲ.

ಅಣ್ಣ ಆ ದಿನ ಕಬ್ಬಿನ ಬೀಜ ತರಲು ಶಿರಗುಪ್ಪಿಗೆ ಹೋಗಿದ್ದ. ಮರಳುವ ದಾರಿಯಲ್ಲಿ ಎದೆಯೊಳಗೆ ಏನಾಯಿತೋ, ಗಾಡಿಯನ್ನು ರಸ್ತೆಯ ಬದಿಗೆ ತೆಗೆದುಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಚಾವಿ ತಿರುವಿ ಆರಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟುಬಿಟ್ಟ. ಯಾರೋ ದಾರಿಹೋಕರು ಅವನ ಫೋನಿನಿಂದಲೇ ಮನೆಗೆ ಕರೆ ಮಾಡಿದರು. ಆದದ್ದನ್ನು ಹೆಂಗಸಿಗೆ ನೇರವಾಗಿ ಹೇಳಲು ಬಾಯಿ ಬಾರದೆ, “ಅಕ್ಕಾರ, ನಿಮ್ಮ ಗಾಡಿ ಬಂದೈತ್ರಿ” ಎಂದಷ್ಟೇ ಹೇಳಿದರಂತೆ. ಅವರು ಹೇಳಿದ್ದು ನಿಂತಿದೆ ಎಂದು. ವೈನಿ ತಿಳಿದದ್ದು ಬೀಜದ ಗಾಡಿ ಹೊಲಕ್ಕೆ ಬಂದಿದೆ, ಇಳಿಸುವ ಆಳು ಯಾರೋ ಅವನ ಫೋನಿನಲ್ಲಿ ತಿಳಿಸುತ್ತಿದ್ದಾನೆ ಎಂದು. “ಹೌದ್ರಿ, ಚಾ ಕುಡ್ಯಾಕ ಬರ್ರಿ” ಎಂದು ಫೋನಿಟ್ಟು ಒಲೆಯ ಮೇಲೆ ನೀರಿಟ್ಟರು. ಪಕ್ಕದ ಮನೆಯ ನಮ್ಮ ಕಾಕಾ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ನೀರು ಬತ್ತಿ ಪಾತ್ರೆ ಕಪ್ಪಾಗಿತ್ತು. ಅಣ್ಣ ತಮ್ಮಂದಿರಾದ ನಮ್ಮಿಬ್ಬರಲ್ಲಿ ಮೊದಲು ಬಂದವನೇ ಮೊದಲು ಎದ್ದು ಹೋದ. ತಾನು ಕಲಿಸಿದ ನಿಯಮವನ್ನು ತಾನೇ ಪಾಲಿಸಲಿಲ್ಲ.

ವೈನಿ ಅಳಲಿಲ್ಲ. ಬಂದ ಬಂಧುಗಳು ಕಾರ್ಯ ಮುಗಿಸಿ ಚದುರಿದರು, ಅಂಗಡಿ ಮುಚ್ಚಿ ನಾನು ಊರಲ್ಲೇ ಉಳಿದೆ, ಅವರು ಮಾತ್ರ ಅಳಲಿಲ್ಲ. ಎಮ್ಮೆಗೆ ಮೇವು ಹಾಕುತ್ತಿದ್ದರು, ನಮಗೆ ಬಡಿಸುತ್ತಿದ್ದರು. ಒಂದು ಮಧ್ಯಾಹ್ನ ಕಾಕಾನೂ ನಾನೂ ಊಟಕ್ಕೆ ಕೂತಾಗ, ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಕೇಳುವ ದನಿಯಲ್ಲಿ, “ಗಾಡ್ಯಾಗ ಡೀಸೆಲ್ ಐತೇನೋ?” ಎಂದು ಕೇಳಿದರು. ದ್ರಾಕ್ಷಿ ಸಾಲುಗಳ ನಡುವಿನ ದಾರಿಯಲ್ಲಿ ಅಣ್ಣ ಅವರಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದ. ಮೇವು ಹೇರಿಕೊಂಡು ಹೊಲದಿಂದ ಮನೆಗೆ ಎಷ್ಟೋ ಸಲ ತಂದಿದ್ದರು. ಆದರೆ ಆ ದಿನ ಹೊಲದಲ್ಲಿ ತರುವಂಥ ಮೇವು ಇರಲಿಲ್ಲ. ಗಾಡಿ ಹತ್ತಿ ಹೋಗುವುದಾದರೆ ಎಲ್ಲಿಗೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ತೋಟಕ್ಕೆ ಹೊಡೆಯುವ ಔಷಧಗಳನ್ನೆಲ್ಲ ಕಾಕಾ ಆಗಲೇ ತಮ್ಮ ಮನೆಗೆ ಸಾಗಿಸಿ ಬೀಗ ಹಾಕಿದ್ದರು. ಅಂಗಳಕ್ಕೆ ಮರಳಿ ತಂದು ನಿಲ್ಲಿಸಿದ್ದ ಗಾಡಿಯ ಚಾವಿಯನ್ನು ನಾನು ತೆಗೆದಿಟ್ಟುಕೊಂಡೆ. ಇನ್ನೊಂದು ಚಾವಿ ಮನೆಯಲ್ಲಿ ಎಲ್ಲಿದೆಯೆಂಬುದು ವೈನಿಗೆ ಮಾತ್ರ ಗೊತ್ತಿತ್ತು. ಕೈಗೆ ಎಟಕುವಂತೆ ಉಳಿದದ್ದು ಬ್ಯಾಟರಿಯೊಂದೇ. ಅವರು ಎಮ್ಮೆಗಳ ಮೈ ತೊಳೆಯುತ್ತಿದ್ದಾಗ ಉಂಗುರ ಕಳಚಿಟ್ಟು, ಬಾನೆಟ್ಟು ಎತ್ತಿ, ಮೈನಸ್ ಸಡಿಲಿಸಿ, ತಂತಿ ತಾನಾಗಿ ಮರಳಿ ತಾಗದಂತೆ ಅರಿವೆ ಸುತ್ತಿ ಬದಿಗೆ ಕಟ್ಟಿದೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: ಓಡಿಸದೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ, ಅದಕ್ಕೇ ಬಿಚ್ಚಿದ್ದೇನೆ. ಮಾತು ನೂರಕ್ಕೆ ನೂರು ನಿಜ. ಸುಳ್ಳಿನ ಕೆಲಸಕ್ಕೆ ನಿಜವನ್ನೇ ದುಡಿಸಿಕೊಳ್ಳುವ ಅವಕಾಶ ಹಾಗೆ ಸುಲಭಕ್ಕೆ ಸಿಗುವುದಿಲ್ಲ. ವೈನಿ ಏನನ್ನೂ ಕೇಳಲಿಲ್ಲ. ಕಾಕಾನ ಮನೆಯವರು ಸರದಿಯ ಮೇಲೆ ಅವರ ಜೊತೆ ಇರತೊಡಗಿದ ಮೇಲೆ ನಾನು ನಿಪ್ಪಾಣಿಗೆ ಮರಳಿದೆ. ಪುಸ್ತಕಗಳ ನಡುವೆ ಕೂತಾಗ ನನ್ನ ಸಾಹಸ ನನಗೇ ಹಾಸ್ಯಾಸ್ಪದವೆನಿಸುತ್ತಿತ್ತು. ಹೆಂಡತಿಯ ಎದೆಯೊಳಗಿನ ಕತ್ತಲಿಗೆ ಗಂಡನ ತಮ್ಮ ಒಂದು ತಂತಿ ಬಿಚ್ಚಿ ಉಪಾಯ ಮಾಡಿದನಂತೆ!

ದ್ರಾಕ್ಷಿ ಚಾಟಣಿಯ ಹೊತ್ತಿಗೆ, ಬಳ್ಳಿ ಕತ್ತರಿಸುವ ಆಳುಗಳು ತೋಟಕ್ಕೆ ಇಳಿದಾಗ, ವೈನಿಯ ಫೋನು ಬಂತು. “ಒಮ್ಮಿ ಬಂದ ಹೋಗ. ಗಾಡಿ ಚಾಲೂ ಮಾಡೂಣು.”

ಬೆಳಿಗ್ಗೆ ಬಾನೆಟ್ಟು ಎತ್ತಿದರೆ ಬ್ಯಾಟರಿಯ ತುದಿಗಳಲ್ಲಿ ಬೂಷ್ಟಿನಂಥ ಬಿಳಿ ಪುಡಿ. ಪ್ಲಸ್ಸನ್ನೂ ಬಿಚ್ಚಿ ಎರಡನ್ನೂ ಸ್ವಚ್ಛ ಮಾಡಬೇಕಾಯಿತು. ವೈನಿ ಬಿಸಿನೀರಿಗೆ ಅಡುಗೆ ಸೋಡಾ ಕದಡಿ ತಂದು, ಹಳೆಯ ಬ್ರಷ್ಷಿನಿಂದ ತಾವೇ ತಿಕ್ಕಲು ನಿಂತರು. ನಾನು ಉಂಗುರ ಕಳಚುತ್ತ, ಅಣ್ಣನ ಪಾಠದ ಗುಂಗಿನಲ್ಲಿ, “ಕೈಯಾಗ ಏನರ ಇದ್ರ ತಗದ ಇಡ್ರಿ ವೈನಿ” ಎಂದುಬಿಟ್ಟೆ. ಅವರು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ಅಲ್ಲಿ ತೆಗೆದಿಡುವಂಥದ್ದು ಏನೂ ಉಳಿದಿರಲಿಲ್ಲ. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು ಆಡಿಯಾಗಿತ್ತು.

ಒರೆಸಿ ಒಣಗಿಸಿ ಪ್ಲಸ್ ಬಿಗಿ ಮಾಡಿದೆ. ಮೈನಸ್ಸಿನ ಅರಿವೆ ಬಿಡಿಸುತ್ತಿದ್ದಾಗ ವೈನಿ ಕೇಳಿದರು, “ಇದನ್ನ ನೀನ ಬಿಚ್ಚಿದ್ದಿ, ಹೌದಿಲ್ಲೊ?”

ಸಿದ್ಧವಾಗಿದ್ದ ಉತ್ತರವನ್ನು ಒಪ್ಪಿಸಿದೆ. ಗಾಡಿ ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆ, ಇತ್ಯಾದಿ.

“ಸುಳ್ಳ ಹೇಳಬ್ಯಾಡೊ. ನೀ ಬಿಚ್ಚಿದ ಮರುದಿನ ನಸಿಕಿನ್ಯಾಗ ನಾ ಇನ್ನೊಂದ ಚಾವಿ ಹಚ್ಚಿ ತಿರುವಿದ್ನಿ. ಟಕ್ ಅಂತ ಸುದ್ದಾ ಅನಲಿಲ್ಲ. ಮತ್ತ ತಿರುವಿದ್ನಿ, ಮತ್ತ ತಿರುವಿದ್ನಿ. ಇವರೂ ಏಳಲಿಲ್ಲ, ಇದೂ ಏಳವಲ್ದಲ್ಲಾ ಅಂತ ಅಲ್ಲೇ ಕುಂತ ಅತ್ನಿ. ಅವತ್ತ ನೋಡ ನನಗ ಅಳು ಬಂದಿದ್ದು. ಆಮ್ಯಾಲ ಎಮ್ಮಿ ಒದರಾಕ ಹತ್ತಿದ್ವು. ಹಿಂಡಬೇಕಲ್ಲಾ, ಇಳದ ಬಂದ್ನಿ.”

ಅವರು ಪಾನಾವನ್ನು ನನ್ನ ಕೈಯಿಂದ ತೆಗೆದುಕೊಂಡು ಮೈನಸ್ಸನ್ನು ತಾವೇ ಕೂರಿಸಿದರು. ಕೊನೆಯ ತಂತಿ ತಾಗುವಾಗ ಸಣ್ಣದೊಂದು ಕಿಡಿ ಚಿಟ್ಟೆಂದಿತು. ಅದು ಸಹಜ, ಹೆದರಬೇಕಾಗಿಲ್ಲ. ನಾನು ಮಾತ್ರ ಹೆದರಿದೆ. ಆ ಮನೆಯಲ್ಲಿ ಮೊದಲು ಕಳಚಿಕೊಂಡದ್ದು ಅರ್ಥವೇ. ಹಾಲು, ಸಗಣಿ, ರೊಟ್ಟಿ, ಚಾಟಣಿ ಎಲ್ಲವೂ ಅದಿಲ್ಲದೆಯೇ ಒಂದೊಂದಾಗಿ ಬಂದು ಕೂಡಿಕೊಂಡಿದ್ದವು. ಅರ್ಥ ಬರುವುದಿದ್ದರೆ ಕಟ್ಟಕಡೆಗೆ ಬರಬೇಕು, ಅದೂ ಅವರ ಕೈಯಿಂದಲೇ. ಶಬ್ದದ ಆಟ ಇಷ್ಟು ಭಾರವಾದೀತೆಂದು ನಾನು ಎಣಿಸಿರಲಿಲ್ಲ.

ಗಾಡಿ ಒಮ್ಮೆ ನರಳಿ ಎದ್ದಿತು. ವೈನಿ ಸೀಟಿನಲ್ಲಿ ಕೂತು ಕಿಟಕಿಯಿಂದ ನನ್ನನ್ನು ನೋಡಿದರು. “ಇನ್ನ ಮ್ಯಾಲ ಕದ್ದ ಬಿಚ್ಚಬ್ಯಾಡ. ಅಂಥಾ ದಿನಾ ಮತ್ತ ಬಂದ್ರ ನಾನ ನಿನಗ ಫೋನ್ ಮಾಡ್ತೀನಿ.”

ಅಂದಿನಿಂದ ಫೋನಿನಲ್ಲಿ ಅವರ ಹೆಸರು ಮೂಡಿದರೆ ಎದುರಿಗೆ ಎಂಥ ಗಿರಾಕಿಯಿದ್ದರೂ ಎತ್ತುತ್ತೇನೆ. ಎಮ್ಮೆ ಈದಿದ್ದನ್ನೋ, ಆಳುಗಳು ಕೈಕೊಟ್ಟದ್ದನ್ನೋ, ಹಿಂಡಿ ತರಲು ಗಾಡಿ ಹೊಡೆದುಕೊಂಡು ಅಥಣಿಗೆ ಹೋಗಿ ಬಂದದ್ದನ್ನೋ ಅವರು ಹೇಳತೊಡಗಿದ ಮೇಲೆಯೇ ನನ್ನ ಉಸಿರು ಹೊರಗೆ ಬರುತ್ತದೆ. ಮೊನ್ನೆಯೂ ಮಾಡಿದ್ದರು. ಏನು ವೈನಿ ಎಂದೆ. ಎಮ್ಮೆಯ ಸುದ್ದಿಯಿಲ್ಲ, ಆಳುಗಳ ಸುದ್ದಿಯಿಲ್ಲ. “ಏನಿಲ್ಲೊ, ಸುಮ್ನ ಮಾಡಿದ್ನಿ” ಎಂದರು, ಅಷ್ಟೇ.

ಪುಸ್ತಕ ಆರಿಸುತ್ತಿದ್ದವರನ್ನು ಹೊರಗೆ ಕಳಿಸಿ, ಅಂಗಡಿಗೆ ಬೀಗ ಹಾಕಿ, ಅಥಣಿಯ ಬಸ್ಸು ಹತ್ತಿದೆ.