ಎಂಟರ ಮೇಲಿನ ಟೊಳ್ಳು ಸುತ್ತು

"ನನ್ನ ಕೈಯೇ ತಕ್ಕಡಿ ಕಣೇ. ಹದಿನಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯೋ ಕೋಣೇಲಿ ನಿಂತಿದ್ದೆ. ಇಪ್ಪತ್ತು ಕಿಲೋ ಮುಟ್ಟಿದ್ರೆ ಸಾಕು, ಆ ಮಷಿನ್ ಗುರ್ ಅಂದು ನಿಂತುಬಿಡೋದು. ಇಪ್ಪತ್ತರ ಒಳಗೇ ಇರ್ಬೇಕು. ಇನ್ನೊಂದು ಕಂಬಳಿ ಹಿಡಿಸುತ್ತೋ ಇಲ್ವೋ ಅಂತ ನನ್ನ ತೋಳೇ ಹೇಳೋದು. ಎಲ್ರೂ 'ಅಕ್ಕಾ, ಸಾಕಾ?' ಅಂತ ಕೇಳೋರು. ನಾನು ಹೂಂ ಅಂದ್ಮೇಲೇ ಮುಚ್ಚಳ ಬೀಳೋದು. ಆ ಒಂದು ಮಾತು ಕೇಳಿಸ್ಕೊಳ್ಳೋಕೇ ಕೆಲಸಕ್ಕೆ ಹೋಗ್ತಿದ್ದೆ ಅಂದ್ರೂ ಸುಳ್ಳಲ್ಲ. ಆಮೇಲೆ ಬಂದ್ಳು ನೋಡು ನನ್ನ ಓರಗಿತ್ತಿ, ಸೀಮೇಸುಣ್ಣ ಹಿಡ್ಕೊಂಡು!"

ಎಲ್ಲರ ಬಾಯಲ್ಲಿ ತೂಕದಕ್ಕ ಎನಿಸಿಕೊಂಡಿದ್ದ ಆಕೆಗೆ ಇದನ್ನು ಹೇಳುವಾಗ ಇಂದಿಗೂ ಮೂಗಿನ ತುದಿ ಕೆಂಪಾಗುತ್ತದೆ.

ಮೈದುನನ ಹೆಂಡತಿ ಅದೇ ಕೋಣೆಗೆ ಕೆಲಸಕ್ಕೆ ಸೇರಿದ್ದಳು. ಮಗಳಿಗೆ ಪಾಠ ಹೇಳಿಕೊಡುತ್ತ ತಾನೂ ಲೆಕ್ಕ ಕಲಿತವಳು. ಒಂದು ಬೆಳಿಗ್ಗೆ ಗೋಡೆಯ ಮೇಲೆ ಬರೆದಳು: 2x + 4 < 20.

"ಟವೆಲ್ ಗಂಟು ಯಾವಾಗ್ಲೂ ನಾಕು ಕಿಲೋ. ಒಂದೊಂದು ಕಂಬಳಿ ಎರಡು. ಕಂಬಳಿ ಎಷ್ಟು ಹಾಕ್ಬಹುದು ಅಂತ ಗೊತ್ತಿಲ್ವಲ್ಲ, ಅದೇ x. ಇಪ್ಪತ್ತರಲ್ಲಿ ನಾಕು ಕಳೆದ್ರೆ ಹದಿನಾರು, ಅದರಲ್ಲಿ ಅರ್ಧ ಎಂಟು. x ಎಂಟಕ್ಕಿಂತ ಕಡಿಮೆ ಇರ್ಬೇಕು."

ಅಡ್ಡಗೆರೆ ಎಳೆದು, ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದು, ಎಂಟರ ಮೇಲೊಂದು ಟೊಳ್ಳು ಸುತ್ತು ಹಾಕಿ, ಅಲ್ಲಿಂದ ಎಡಕ್ಕೆ ಗೆರೆಯನ್ನು ದಪ್ಪ ಮಾಡಿದಳು. "ಸುತ್ತು ಟೊಳ್ಳಾಗಿದ್ರೆ ಎಂಟು ಸೇರಲ್ಲ. ತುಂಬಿದ್ರೆ ಎಂಟೂ ಸೇರುತ್ತೆ. ಇಷ್ಟೇ ಅಕ್ಕ."

ಇಷ್ಟೇ ಅಂತೆ! ಅಂದಿನಿಂದ ಎಲ್ಲರ ಕಣ್ಣು ಗೋಡೆಯ ಕಡೆ. ಇಸ್ತ್ರಿಯವನಂತೂ "ತೂಕದಕ್ಕಂಗೆ ಇನ್ನು ರಜಾನೇ ರಜಾ" ಎಂದು ಹಲ್ಲು ಕಿಸಿದ. ಮನೆಯಲ್ಲಿ ಅತ್ತೆಯೂ "ಚಿಕ್ಕವಳಿಗೆ ಎಷ್ಟು ತಲೆ ನೋಡು" ಎಂದಾಗ ತೂಕದಕ್ಕ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹೊಟ್ಟೆಯಲ್ಲಿ ಕೆಂಡ ಹೊಗೆಯಾಡುತ್ತಿದ್ದರೆ ಅನ್ನಕ್ಕೆ ಜಾಗವೆಲ್ಲಿ?

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಸೀಮೇಸುಣ್ಣದ ಚೂರೊಂದನ್ನು ಎತ್ತಿಕೊಂಡು ಆ ಸುತ್ತನ್ನು ಬೆಳ್ಳಗೆ ತುಂಬಿಬಿಟ್ಟಳು.

ಊಟ ಮುಗಿಸಿ ಬಂದ ಇಸ್ತ್ರಿಯವನು ಗೋಡೆ ನೋಡಿ, "ಓಹೋ, ಇವತ್ತಿಂದ ಎಂಟೂ ನಡೆಯುತ್ತೆ" ಎಂದು ಟವೆಲ್ ಗಂಟಿನ ಜೊತೆ ಎಂಟು ಕಂಬಳಿ ತುರುಕಿದ. ಮಷಿನ್ ನೀರು ತುಂಬಿಕೊಂಡು ಎರಡು ಸುತ್ತು ಹೊರಳಿ, ಗುರ್ ಎಂದು ನಿಂತೇಹೋಯಿತು. ಮೇಲ್ವಿಚಾರಕರು ಓಡಿ ಬಂದರು. "ಯಾರದ್ರೀ ಈ ಲೆಕ್ಕ?"

ಓರಗಿತ್ತಿ ಗೋಡೆಯ ಮುಂದೆ ನಿಂತು ಬೆರಳು ಮಡಚಿದಳು. "ಎಂಟು ಕಂಬಳಿಗೆ ಹದಿನಾರು, ನಾಕು ಸೇರಿದ್ರೆ ಇಪ್ಪತ್ತೇ ಆಯ್ತು. ಕಡಿಮೆ ಎಲ್ಲಾಯ್ತು? ನಾನೇ ಕೈತಪ್ಪಿ ಸುತ್ತು ತುಂಬಿರ್ಬೇಕು. ತಪ್ಪು ನಂದೇ ಸಾರ್."

ತೂಕದಕ್ಕ ಬಯಸಿದ್ದು ಇದನ್ನೇ. ಆದರೆ ಮೇಲ್ವಿಚಾರಕರ ದನಿ ತಣ್ಣಗಾಯಿತು. "ಒಪ್ಕೊಂಡ್ರಲ್ಲ, ಅದು ದೊಡ್ಡ ಗುಣ" ಎಂದರು. ತೂಕದಕ್ಕನ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಮಾಡದ ತಪ್ಪನ್ನು ಒಪ್ಪಿಕೊಂಡೂ ಇವಳೇ ದೊಡ್ಡವಳಾಗುವುದೇ?

"ನಿಂದೇನಲ್ಲ, ಸುಮ್ನಿರೇ! ತುಂಬಿದ್ದು ನಾನು!"

ಮೇಲ್ವಿಚಾರಕರು ಇಬ್ಬರನ್ನೂ ನೋಡಿ, "ಕಂಬಳಿ ಹೊರಗೆ ತೆಗೆದು ಕೈಯಲ್ಲೇ ಹಿಂಡಿ" ಎಂದಷ್ಟೇ ಹೇಳಿ ಹೊರಟುಹೋದರು.

"ಯಾಕಕ್ಕ?" ಎಂದಳು ಓರಗಿತ್ತಿ.

"ಕೇಳ್ಬೇಡ. ನೀನು ಹಿಂಗೆ ಮೆತ್ತಗೆ ಕೇಳಿದ್ರೆ ಇನ್ನೂ ಉರಿಯುತ್ತೆ."

ಓರಗಿತ್ತಿ ನೀರು ಸೋರುವ ಕಂಬಳಿಯನ್ನು ಎಳೆದು ಒಂದು ತುದಿಯನ್ನು ಇವಳ ಕಡೆ ಚಾಚಿದಳು. ತೂಕದಕ್ಕ ಮುಖ ಗಂಟಿಕ್ಕಿಕೊಂಡೇ ಹಿಡಿದಳು. ಒಬ್ಬಳು ಬಲಕ್ಕೆ, ಇನ್ನೊಬ್ಬಳು ಎಡಕ್ಕೆ ತಿರುಚತೊಡಗಿದರು. ನೀರು ಧೋ ಎಂದು ನೆಲಕ್ಕೆ ಬಿತ್ತು.