ಬಿಡ್ತೀನಿ ಅಂದಿದ್ದ ಹುಂಜ

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಸೊಂಟ ನಂದಲ್ಲ. ಬೆಳಿಗ್ಗೆ ಎದ್ದು ಹಂಡೆ ಒಲೆಗೆ ಬೆಂಕಿ ಹಾಕ್ಬೇಕು, ಬಾಣಂತಿಗೆ ನೀರು ಹಾಕ್ಬೇಕು, ಕೂಸನ್ನು ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ತೀಡ್ಬೇಕು. ಎಲ್ಲಾ ಮುಗಿಸಿ ಏಳೋಕೆ ಗೋಡೆ ಹಿಡೀಬೇಕು. ಆದ್ರೂ ಆ ಕೂಸು ಒಂದು ಸಲ ಆಕಳಿಸಿದ್ರೆ ಸಾಕು, ನನ್ನ ಹೊಟ್ಟೆ ತುಂಬಿ ಹೋಗತ್ತೆ. ಬಂದೋರಿಗೆಲ್ಲ ಅದನ್ನೇ ಹೇಳಿ ಮಗಳ ಹತ್ರ ಬೈಸ್ಕೊಂಡಿದೀನಿ.

ಹೆರಿಗೆ ಕಷ್ಟ ಆಗಿತ್ತು. ನಿಟ್ಟೂರಿಂದ ಸಾಗರದ ಆಸ್ಪತ್ರೆಗೆ ಓಡಿದ್ವಿ. ಹೊರಗಿನ ಬೆಂಚಲ್ಲಿ ಕೂತು ನಮ್ಮ ಕೇರಿ ಕಾಯೋ ಚೌಡಿಗೆ ಹೇಳ್ಕೊಂಡೆ, "ತಾಯಿ, ಎರಡು ಜೀವ ಉಳಿಸ್ಕೊಡು, ನಿಂಗೊಂದು ಹುಂಜ ಬಿಡ್ತೀನಿ." ಉಳಿಸಿಕೊಟ್ಲು. ಕೆಂಪು ಹುಂಜ ಒಂದನ್ನ ಅವಳ ಹೆಸರಲ್ಲಿ ಬೇರೆ ಇಟ್ಟೆ.

ಮಗಳು ತೀರ್ಥಹಳ್ಳೀಲಿ ಓದುವಾಗಲೇ ಬುದ್ಧನ ದಾರಿ ಹಿಡಿದೋಳು. ಪಂಚಶೀಲ ತಗೊಂಡಿದಾಳೆ. ಅದರಲ್ಲಿ ಮೊದಲನೇದೇ ಜೀವ ತೆಗೀಬಾರ್ದು ಅಂತ. ಇರುವೆ ಬಂದ್ರೂ ಊದಿ ಕಳಿಸ್ತಾಳೆ.

"ನನ್ನ ಮಗಳ ಹೆಸರಲ್ಲಿ ಕೊಯ್ಯೋದು ಬೇಡ ಅವ್ವ" ಅಂದ್ಲು.

"ನಿನ್ನ ಬುದ್ಧ ಆಸ್ಪತ್ರೆಗೆ ಬಂದಿದ್ನಾ? ಬಂದೋಳು ಚೌಡಿ."

"ನೀನೂ ಬಂದಿದ್ಯಲ್ಲ. ನಿಂಗೂ ಒಂದು ಕೊಯ್ಲಾ?"

ನಗು ಬಂತು, ಆದ್ರೆ ಹೆದರಿಕೆ ಹೋಗ್ಲಿಲ್ಲ. ಹರಕೆ ಹೊತ್ತು ತೀರಿಸದಿದ್ರೆ ಕೂಸಿಗೇ ತಟ್ಟತ್ತೆ ಅಂತ ಕೇಳಿ ಬೆಳೆದೋಳು ನಾನು. ಅದೇ ವಾರ ಕೂಸಿಗೆ ಮೈ ಬಿಸಿ ಬಂತು. ಲಸಿಕೆ ಇಂಜೆಕ್ಷನ್ ಹಾಕ್ಸಿದ ಜ್ವರ ಅಂದ್ಲು ಮಗಳು. ನಾನು ಹರಕೆನೇ ತಟ್ಟಿದ್ದು ಅಂತ ಅಳ್ತಾ ಕೂತೆ. ಅವಳು ಪಕ್ಕ ಬಂದು ಕೂತ್ಲು.

"ಅವತ್ತು ಏನಂತ ಹೇಳ್ಕೊಂಡೆ, ಸರಿಯಾಗಿ ಹೇಳು."

"ಹುಂಜ ಬಿಡ್ತೀನಿ ಅಂತ."

"ಕೊಯ್ತೀನಿ ಅಂದ್ಯಾ?"

"ಬಿಡೋದು ಅಂದ್ರೆ ಕೊಯ್ಯೋದೇ ಅಲ್ವೇನೆ ಮಳ್ಳಿ!"

"ಬಿಡ್ತೀನಿ ಅಂದಿದೀಯ. ಬಿಡು."

ಶಾಲೆ ಮುಖ ಸರಿಯಾಗಿ ಕಾಣದೋಳು ನಾನು, ಓದಿದೋಳು ಅವಳು. ಹುಂಜ ಕಂಕುಳಲ್ಲಿ ಇಟ್ಕೊಂಡು ಏದುಸಿರು ಬಿಡ್ತಾ ಚೌಡಿ ಕಲ್ಲಿನ ಹತ್ರ ಹೋದೆ. ಕಾಯಿ ಒಡೆದೆ, ಅಕ್ಕಿ ಇಟ್ಟೆ, ಹುಂಜದ ಕಾಲಿನ ದಾರ ಬಿಚ್ಚಿದೆ. ಅದು ಓಡೋದು ಬಿಟ್ಟು ಚೌಡಿಗೆ ಇಟ್ಟ ಅಕ್ಕಿ ಪೂರ್ತಿ ತಿಂದು, ಆಮೇಲೆ ಪೊದೆ ಒಳಗೆ ನುಗ್ಗಿತು.

ಕೋಳಿ ಸಾರಿಗೆ ಕಾದಿದ್ದ ಮೈದುನ ನನ್ನ ಹತ್ರ ಮಾತು ಬಿಟ್ಟಿದಾನೆ. ಕೂಸಿನ ಜ್ವರ ಇಳೀತು. ಯಾರು ಇಳಿಸಿದ್ರು ಅಂತ ನಾನು ಮಗಳನ್ನ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ಚೌಡಿ ಇನ್ನೂ ಏನೂ ಅಂದಿಲ್ಲ. ಅನ್ನೋದಿದ್ರೆ ನನ್ನ ಹತ್ರ ಅನ್ನು ತಾಯಿ, ಕೂಸಿನ ಹತ್ರ ಬೇಡ ಅಂತ ಹೇಳಿ ಬಂದಿದೀನಿ.